ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕುಳಿತು ಉಣ್ಣೆ ಹಿಂಜುವವಳು

ಹಿಂದಿನ ಸಂಚಿಕೆಯ ಒಳಪುಟದಲ್ಲಿ ಫ್ರಾನ್ಸಿನ ಜಾನ್-ಫ್ರಾಂಸ್ವಾ ಮಿಲೆಯ ‘ಲಾ ಕಾರ್ದೋಸ್’ (ಉಣ್ಣೆ ಹಿಂಜುವವಳು) ಎಂಬ ಎಚಿಂಗ್ ಅಚ್ಚಾಗಿತ್ತು. ಎಚಿಂಗ್ ಎಂದರೆ ಮೇಣದ ಪೊರೆ ಹಚ್ಚಿದ ತಾಮ್ರದ ತಗಡಿನ ಮೇಲೆ ಚಿತ್ರ ಗೀರಿ, ಆ ಗೆರೆಗಳನ್ನು ಆಮ್ಲದಿಂದ ಕೊರೆಸಿ, ಅವುಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿ ತೆಗೆಯುವ ಅಚ್ಚು. ತಲೆಗೆ ವಸ್ತ್ರ ಕಟ್ಟಿದ ಹಳ್ಳಿಯ ಹೆಂಗಸೊಬ್ಬಳು ಕುರ್ಚಿಯಲ್ಲಿ ಕುಳಿತು, ತಲೆ ತಗ್ಗಿಸಿ, ಮಡಿಲಲ್ಲಿ ಉಣ್ಣೆ ಹಿಂಜುತ್ತಿರುವ ಚಿತ್ರ ಅದು. ಅದನ್ನು ನೋಡಿ ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ. ಉತ್ತರಿಸಿದವರು ಇಬ್ಬರು: ಒಬ್ಬರು ತಾಮ್ರದ ತಗಡಿನ ಮೇಲೆ ಕೆಲಸ ಮಾಡುವ ಅಚ್ಚುಕಲಾವಿದರು, ಇನ್ನೊಬ್ಬರು ಹಳೆಯ ಕಾಗದಗಳ ಸಂರಕ್ಷಕರು.

ಪ್ರಶ್ನೆ: ಆ ಹೆಂಗಸಿನ ಕೈಯಲ್ಲಿರುವುದು ಏನು? ನಮ್ಮ ಮನೆಯಲ್ಲಿ ಎಲ್ಲರೂ ಕುದುರೆಯ ಮೈ ಉಜ್ಜುವ ಬ್ರಷ್ ಅಂದರು. ಇದು ಮಿಲೆ ಬರೆದ ತೈಲಚಿತ್ರದ ನಕಲು ಎಂದು ಒಬ್ಬ ಮೇಷ್ಟ್ರು ಹೇಳಿದರು. ನಿಜವೇ? (ಹಾವೇರಿಯ ಓದುಗರು)

ಉತ್ತರ (ಅಚ್ಚುಕಲಾವಿದರು): ಬ್ರಷ್ ಅಲ್ಲ, ಉಣ್ಣೆ ಹಿಂಜುವ ಹಣಿಗೆಗಳು, ಒಂದು ಜೊತೆ. ಹಿಡಿಯಿರುವ ಎರಡು ಚಪ್ಪಟೆ ಹಲಗೆ, ಪ್ರತಿಯೊಂದರ ಒಂದು ಮೈಗೆ ತೊಗಲು, ತೊಗಲಿನ ತುಂಬ ಬಾಗಿದ ಸಣ್ಣ ತಂತಿ ಹಲ್ಲುಗಳು. ಒಂದನ್ನು ಹಲ್ಲು ಮೇಲಾಗಿ ತೊಡೆಯ ಮೇಲಿಟ್ಟು, ತೊಳೆದ ಉಣ್ಣೆಯನ್ನು ತುಸುತುಸುವೇ ಅದಕ್ಕೆ ಸಿಕ್ಕಿಸಿ, ಇನ್ನೊಂದನ್ನು ಎದುರು ದಿಕ್ಕಿಗೆ ಎಳೆಯುತ್ತಾರೆ. ಏಳೆಂಟು ಎಳೆತಕ್ಕೆ ಗಂಟು ಬಿಟ್ಟು ಎಳೆಗಳು ಒಂದೇ ಕಡೆಗೆ ಮಲಗುತ್ತವೆ. ಆಮೇಲೆ ಒಂದು ಹಣಿಗೆಯನ್ನು ತಿರುಗಿಸಿ ಎಳೆದರೆ ಉಣ್ಣೆ ಹಲ್ಲುಗಳಿಂದ ಬಿಟ್ಟು ಸುರುಳಿಯಾಗಿ ಬರುತ್ತದೆ. ಹತ್ತಿಯಲ್ಲಿ ನಾವು ಹಂಜಿ ಅನ್ನುತ್ತೇವಲ್ಲ, ಅದೇ. ನೂಲುವುದು ಅದರ ಮುಂದಿನ ಕೆಲಸ.

ಈ ಕೆಲಸವನ್ನು ನಿಂತು ಮಾಡಲಾಗದು, ಕೆಳಗಿನ ಹಣಿಗೆಗೆ ತೊಡೆಯೇ ಆಸರೆ. ಹಾಗಾಗಿ ಆಕೆ ಕುಳಿತಿರುವುದು ಚಿತ್ರಕಾರನ ಮುಂದೆ ಕೂತ ಕೂರಾಟವಲ್ಲ, ಕೆಲಸ ಕೂರಿಸಿದ ಕೂರಾಟ. ಬೆನ್ನು ತುಸು ಮುಂದಕ್ಕೆ, ಮೊಣಕೈ ಮೈಗೆ ಹತ್ತಿರ, ಕಣ್ಣು ಕೈಯ ಮೇಲೆ. ಮುಖ ನಮಗೆ ಅಷ್ಟಾಗಿ ಕಾಣದೆ ಹೋಗುವುದು ಅದರಿಂದಲೇ.

ನಕಲೆಂಬ ಮಾತಿಗೆ ಕಾಲವೇ ಉತ್ತರ ಹೇಳುತ್ತದೆ. ಎಚಿಂಗ್ 1855-56ರದು. ಉಣ್ಣೆ ಹಿಂಜುವವಳ ತೈಲಚಿತ್ರವನ್ನು ಮಿಲೆ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಕಳಿಸಿದ್ದು 1863ರಲ್ಲಿ, ಹೆಸರಾದ ‘ಗುದ್ದಲಿ ಹಿಡಿದ ರೈತ’ನ ಜೊತೆಗೆ. ಅಂದರೆ ತಾಮ್ರ ಮೊದಲು, ಬಣ್ಣ ಆಮೇಲೆ. ಮೇಷ್ಟ್ರ ಮಾತಿಗೂ ಒಂದು ಆಧಾರವಿದೆ ಅನ್ನಿ. ಆ ಶತಮಾನದ ಸಾವಿರಾರು ಎಚಿಂಗ್‌ಗಳು ಬೇರೆಯವರ ತೈಲಚಿತ್ರಗಳ ನಕಲುಗಳೇ. ಪತ್ರಿಕೆಗಳಿಗೆ ಚಿತ್ರ ಒದಗಿಸಲು ಆಗ ಅದೊಂದು ಮುಖ್ಯ ದಾರಿಯಾಗಿತ್ತು. ಮಿಲೆಯದು ಆ ಸಾಲಿನದಲ್ಲ.

ಪ್ರಶ್ನೆ: ಫ್ರಾನ್ಸಿನ ಲಿಯೋಂ ಊರಿನಲ್ಲಿರುವ ನಮ್ಮ ಅಕ್ಕ ಹಳೆ ಸಾಮಾನಿನ ಸಂತೆಯಲ್ಲಿ ಇದೇ ಚಿತ್ರ ಕೊಂಡು ತಂದಿದ್ದಾರೆ. ಸುತ್ತಲೂ ಒತ್ತಿದ ಗುರುತಿದೆ, ಕಾಗದ ಹಳದಿಯಾಗಿದೆ. ಒತ್ತಿದ ಚೌಕದ ಒಳಗಿನ ಅಳತೆ 19 ಸೆಂ.ಮೀ. ಎತ್ತರ, 13 ಸೆಂ.ಮೀ. ಅಗಲ. ಇದು ಅಸಲಿಯೇ? (ಬೆಂಗಳೂರು ಬಸವನಗುಡಿಯ ಓದುಗರು)

ಉತ್ತರ (ಸಂರಕ್ಷಕರು): ಅಳತೆ ಬರೆದು ಕಳಿಸಿ ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಮಿಲೆಯ ತಗಡು ಸುಮಾರು 25.5 ಸೆಂ.ಮೀ. ಎತ್ತರ, 17.5 ಸೆಂ.ಮೀ. ಅಗಲದ್ದು. ತಾಮ್ರ ಕುಗ್ಗುವುದಿಲ್ಲ. ಅಚ್ಚು ತೆಗೆಯುವಾಗ ಕಾಗದ ಒದ್ದೆಯಾಗಿ ಹಿಗ್ಗಿರುತ್ತದೆ, ಒಣಗಿದ ಮೇಲೆ ನೂರಕ್ಕೆ ಒಂದೆರಡು ಪಾಲು ಕುಗ್ಗುತ್ತದೆ. ಎಂದರೆ ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಸಹಜ, ಆರೂವರೆ ಸೆಂಟಿಮೀಟರ್ ಅಲ್ಲ. ನಿಮ್ಮದು ಮೂಲ ತಗಡಿನಿಂದ ಬಂದದ್ದಲ್ಲ, ಫೋಟೋ ಹಿಡಿದು ಚಿಕ್ಕದು ಮಾಡಿದ ಪ್ರತಿ.

ಒತ್ತಿದ ಗುರುತು ಇದೆಯಲ್ಲ ಎಂದು ನೀವು ಕೇಳಬಹುದು. ಬಹಳ ಜನ ಮೋಸಹೋಗುವುದು ಅಲ್ಲೇ. ಆ ಗುರುತು ಮೂರು ಬಗೆಯಲ್ಲಿ ಬರಬಹುದು: ಎಚಿಂಗ್ ತಗಡಿನಿಂದ, ಫೋಟೋದಿಂದ ಕೊರೆಸಿದ ಹೆಲಿಯೋಗ್ರವ್ಯೂರ್ ತಗಡಿನಿಂದ, ಇಲ್ಲವೇ ಆಫ್‌ಸೆಟ್ಟಿನಲ್ಲಿ ಅಚ್ಚು ಹಾಕಿ ಆಮೇಲೆ ಬರಿಯ ತಗಡನ್ನು ಒತ್ತಿ ಮಾಡಿದ ಅಲಂಕಾರದಿಂದ. ಬೇರ್ಪಡಿಸಲು 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು, ಅಕ್ಕಸಾಲಿಗರ ಹತ್ತಿರ ಇರುವಂಥದು. ಚೌಕಟ್ಟಿನಿಂದ ಬಿಡಿಸಿ, ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ದೀಪವನ್ನು ಪಕ್ಕದಿಂದ, ಕಾಗದದ ಮೈಗೆ ಸವರುವ ಹಾಗೆ ಹಿಡಿಯಿರಿ. ಬೆರಳಿನಿಂದ ಸವರಿ ನೋಡಬೇಡಿ, ಬೆವರಿನ ಗುರುತು ಹತ್ತು ವರ್ಷದ ಮೇಲೆ ಕಂದಾಗಿ ಎದ್ದು ಬರುತ್ತದೆ.

ಭೂತಗನ್ನಡಿಯಲ್ಲಿ ಸಾಲು ಹಿಡಿದ ಚುಕ್ಕಿಗಳು, ಹೂವಿನ ಹಾಗೆ ಸುತ್ತಿಕೊಂಡ ಚುಕ್ಕಿಗಳು ಕಂಡರೆ ಆಫ್‌ಸೆಟ್. ಗೆರೆಯ ಅಂಚು ರವೆ ಉದುರಿಸಿದಂತೆ ತರಿತರಿ, ಬೂದುಬಣ್ಣದ ಜಾಗದಲ್ಲಿ ಸಣ್ಣ ಕಾಳು ಕಂಡರೆ ಹೆಲಿಯೋಗ್ರವ್ಯೂರ್. ಬೂದುಬಣ್ಣ ಹುಳು ಹರಿದ ಹಾಗೆ ಸುಕ್ಕುಸುಕ್ಕಾಗಿ ಕಂಡರೆ ಕೊಲೊಟೈಪ್, ಅಂದರೆ ಜಿಲೆಟಿನ್ ಪೊರೆಯಿಂದ ತೆಗೆದ ಫೋಟೋ ಅಚ್ಚು. ನಿಜವಾದ ಎಚಿಂಗ್‌ನಲ್ಲಿ ಗೆರೆ ಅಖಂಡವಾಗಿರುತ್ತದೆ, ಶಾಯಿ ಕಾಗದದ ಮೇಲೆ ಗುಡ್ಡದಂತೆ ತುಸು ಎದ್ದಿರುತ್ತದೆ. ಕಪ್ಪು ಗೆರೆ ಹೆಚ್ಚು ಎದ್ದಿರುತ್ತದೆ, ತೆಳು ಗೆರೆ ಕಡಿಮೆ, ಏಕೆಂದರೆ ಒಂದು ಆಮ್ಲದಲ್ಲಿ ಹೆಚ್ಚು ಹೊತ್ತಿತ್ತು, ಇನ್ನೊಂದು ಕಡಿಮೆ. ಹೆಲಿಯೋಗ್ರವ್ಯೂರ್‌ನಲ್ಲಿ ಈ ಎತ್ತರದ ಹೆಚ್ಚುಕಡಿಮೆ ಬಹುಮಟ್ಟಿಗೆ ಸತ್ತುಹೋಗಿರುತ್ತದೆ. ಅದು ತಗಡಿನಿಂದಲೇ ಒತ್ತಿದ್ದಾದ್ದರಿಂದ ಶಾಯಿಯೂ ಎದ್ದಿರುತ್ತದೆ, ಗುರುತೂ ಇರುತ್ತದೆ, ಅದಕ್ಕೇ ಮೂರರಲ್ಲಿ ಅದು ಹೆಚ್ಚು ಮೋಸದ್ದು. 1870ರ ದಶಕದಲ್ಲಿ ಪ್ಯಾರಿಸ್ಸಿನ ಅಮಾಂ-ದ್ಯುರಾಂ ಎಂಬವನು ಹಳೆಯ ಕಲಾವಿದರಾದ ರೆಂಬ್ರಾಂಟ್, ಡ್ಯೂರರ್ ಅವರ ಕೃತಿಗಳನ್ನು ಈ ವಿಧಾನದಲ್ಲಿ ಎಷ್ಟು ಚೆನ್ನಾಗಿ ತೆಗೆದನೆಂದರೆ ಅವು ಇಂದಿಗೂ ಅಸಲಿಯೆಂದು ಕೈ ಬದಲಾಯಿಸುತ್ತವೆ. ಅವನು ಮೋಸಗಾರನಲ್ಲ, ಹಾಳೆಯ ಬೆನ್ನಿಗೆ ತನ್ನ ಮುದ್ರೆ ಒತ್ತುತ್ತಿದ್ದ. ಬೆನ್ನು ನೋಡದೆ ಕೊಳ್ಳುವವರದೇ ತಪ್ಪು.

ಗೆರೆಯ ತುದಿಯನ್ನೂ ನೋಡಿ. ಎಚಿಂಗ್ ಗೆರೆ ಮೊಂಡಾಗಿ ನಿಲ್ಲುತ್ತದೆ, ಮೊದಲಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ, ಪೆನ್ನಿನಲ್ಲಿ ಗೀಚಿದಷ್ಟು ಸಲೀಸು. ಉಳಿ ಹಿಡಿದು ಕೆತ್ತಿದ ಗೆರೆ ಮಧ್ಯೆ ಉಬ್ಬಿ ತುದಿಯಲ್ಲಿ ಮೊನೆಯಾಗುತ್ತದೆ. ಆಮ್ಲವಿಲ್ಲದೆ ಬರಿಯ ಸೂಜಿಯಿಂದ ತಾಮ್ರವನ್ನೇ ಗೀರಿದ ಡ್ರೈಪಾಯಿಂಟ್ ಆದರೆ ಗೆರೆಯ ಪಕ್ಕದಲ್ಲಿ ಮಖಮಲ್ಲಿನಂಥ ಮಸುಕು ನೆರಳಿರುತ್ತದೆ.

ಹಳದಿ ಕಾಗದ ಯಾವುದಕ್ಕೂ ಸಾಕ್ಷಿಯಲ್ಲ. ಮರದ ತಿರುಳಿನ ಕಾಗದ ಐವತ್ತು ವರ್ಷಕ್ಕೇ ಹಳದಿಯಾಗುತ್ತದೆ. 1850ರ ದಶಕದ ಹತ್ತಿಬಟ್ಟೆಯ ಒಳ್ಳೆ ಕಾಗದ ಚೆನ್ನಾಗಿಟ್ಟರೆ ಈಗಲೂ ಕೆನೆಬಣ್ಣದಲ್ಲೇ ಇರುತ್ತದೆ. ಕಾಗದವನ್ನು ಕಿಟಕಿಗೆ ಅಡ್ಡ ಹಿಡಿಯಿರಿ. ಎರಡು ಮೂರು ಸೆಂ.ಮೀ. ಅಂತರದಲ್ಲಿ ಉದ್ದ ಗೆರೆ, ಅವುಗಳ ನಡುವೆ ಒತ್ತೊತ್ತಾಗಿ ಅಡ್ಡಗೆರೆ ಕಂಡರೆ ತಂತಿಜಾಲರಿಯ ಮೇಲೆ ಎತ್ತಿದ ಕಾಗದ. ಆಗಿನ ಮುದ್ರಕರಿಗೆ ಅದು ಇಷ್ಟ, ಹಳೆಯ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳನ್ನೂ ಹುಡುಕಿ ತಂದು ಬಳಸುತ್ತಿದ್ದರು. ನಿಮ್ಮ ಅಕ್ಕ ಕೊಟ್ಟದ್ದು ಒಂದು ಹೊತ್ತಿನ ಊಟದ ದುಡ್ಡಾದರೆ ನಷ್ಟವಿಲ್ಲ, ಗೋಡೆಗೆ ಹಾಕಿಕೊಳ್ಳಿ.

ಪ್ರಶ್ನೆ: ಇಂಥ ಹಾಳೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಪಿಂಕ್ಸ್., ಡೆಲ್., ಎಸ್‌ಸಿ., ಇಂಪ್. ಎಂದೆಲ್ಲ ಇರುತ್ತದೆ. ಕ್ಯಾಟಲಾಗಿನಲ್ಲಿ ‘ಡಿ. 15’ ಅಂದರೇನು? ‘ಅಕ್ಷರಕ್ಕೆ ಮೊದಲಿನದು’ ಅಂದರೇನು? (ಮಂಗಳೂರಿನ ಓದುಗರು)

ಉತ್ತರ (ಅಚ್ಚುಕಲಾವಿದರು): ಎಲ್ಲ ಲ್ಯಾಟಿನ್, ಫ್ರೆಂಚ್ ಪದಗಳ ಮೊಟಕು ರೂಪ. ‘ಪಿಂಕ್ಸ್.’ ಅಂದರೆ ಮೂಲ ತೈಲಚಿತ್ರ ಬರೆದವರು, ‘ಡೆಲ್.’ ರೇಖಾಚಿತ್ರ ಬರೆದವರು, ‘ಎಸ್‌ಸಿ.’ ತಗಡು ಕೊರೆದವರು, ‘ಇಂಪ್.’ ಅಚ್ಚು ತೆಗೆದವರು. ಪಿಂಕ್ಸ್. ಮುಂದೆ ಒಂದು ಹೆಸರು, ಎಸ್‌ಸಿ. ಮುಂದೆ ಇನ್ನೊಂದು ಹೆಸರಿದ್ದರೆ ಅದು ನಕಲು ಎಚಿಂಗ್, ಮೇಲೆ ಹೇಳಿದ ಸಾವಿರಾರರಲ್ಲಿ ಒಂದು. ‘ಡಿ.’ ಅಂದರೆ ಲೋಯ್ ದೆಲ್ತೇಯ್. ಕಲಾವಿದರ ಅಚ್ಚುಗಳನ್ನು ಪಟ್ಟಿಮಾಡಿದವನು. 1906ರಲ್ಲಿ ಶುರುವಾದ ಅವನ ಬೃಹತ್ ಪಟ್ಟಿಯ ಮೊದಲ ಸಂಪುಟದಲ್ಲಿ ಮಿಲೆಯ ಅಚ್ಚುಗಳಿವೆ, ‘ಲಾ ಕಾರ್ದೋಸ್’ ಅದರಲ್ಲಿ 15ನೆಯದು.

ತಗಡು ಸಿದ್ಧವಾದ ಮೇಲೆ ಹೆಸರು, ವಿಳಾಸಗಳನ್ನು ಕೊರೆಸುವುದಕ್ಕೆ ಬೇರೆ ಕೈಯಿರುತ್ತಿತ್ತು. ಅದಕ್ಕೂ ಮೊದಲು ತೆಗೆದ ಕೆಲವೇ ಹಾಳೆಗಳು ‘ಅಕ್ಷರಕ್ಕೆ ಮೊದಲಿನವು’. ತಗಡಿನಲ್ಲಿ ಏನೇ ಬದಲಾದರೂ, ಒಂದು ಗೆರೆ ಸೇರಿದರೂ ಒಂದು ಅಕ್ಷರ ಕೊರೆದರೂ, ಅದು ಹೊಸ ‘ಅವಸ್ಥೆ’. ಮೊದಲ ಅವಸ್ಥೆ, ಎರಡನೆಯ ಅವಸ್ಥೆ ಎಂದು ಎಣಿಸುವುದು ತಗಡಿನ ವಯಸ್ಸನ್ನು, ಹಾಳೆಯ ಚೆಲುವನ್ನಲ್ಲ.

‘ಇಂಪ್.’ ಮುಂದೆ ಮತ್ತೆಮತ್ತೆ ಸಿಗುವ ಹೆಸರು ಒಗ್ಯುಸ್ತ್ ದೆಲಾತ್ರ್ (1822-1907). ಮಿಲೆಯ ತಗಡುಗಳನ್ನು ಅಚ್ಚು ತೆಗೆದವನು ಅವನೇ. 1858ರಲ್ಲಿ ಅಮೆರಿಕದ ಕಲಾವಿದ ವಿಸ್ಲರ್ ತನ್ನ ಹನ್ನೆರಡು ಎಚಿಂಗ್‌ಗಳ ‘ಫ್ರೆಂಚ್ ಸೆಟ್’ ಹೊರತಂದಾಗ ಅದರ ಮೇಲಿದ್ದದ್ದು ಇವನದೇ ವಿಳಾಸ, ಪ್ಯಾರಿಸ್, ಸೇಂ-ಜಾಕ್ ಬೀದಿ, 171. ಶಾಯಿ ಒರೆಸುವಾಗ ಮೇಲ್ಮೈಯಲ್ಲಿ ತೆಳ್ಳಗೆ ಒಂದು ಪೊರೆ ಉಳಿಸುವುದು, ಬಟ್ಟೆಯಿಂದ ಗೆರೆಯೊಳಗಿನ ಶಾಯಿಯನ್ನು ತುಸು ಹೊರಗೆಳೆದು ಮೃದು ಮಾಡುವುದು ಅವನ ಕೈಚಳಕ. ಹಾಗಾಗಿ ಒಂದೇ ತಗಡಿನ ಎರಡು ಹಾಳೆಯಲ್ಲಿ ಒಂದು ಹಗಲಿನಂತೆ, ಇನ್ನೊಂದು ಮುಸ್ಸಂಜೆಯಂತೆ ಕಾಣಬಹುದು. ನನ್ನ ಮಟ್ಟಿಗೆ ಮಿಲೆಗೆ ಹಗಲೇ ಚೆಂದ. ಅವನು ನೆರಳನ್ನು ಗೆರೆಯಿಂದಲೇ ಕಟ್ಟುವವನು, ಅದರ ಮೇಲೆ ಶಾಯಿಯ ಮಂಜು ಕವಿದರೆ ಕಟ್ಟಿದ್ದು ಮುಚ್ಚಿಹೋಗುತ್ತದೆ.

ಇಂತಿಷ್ಟೇ ಪ್ರತಿ ಎಂದು ಲೆಕ್ಕ ಹಾಕಿ ತಗಡನ್ನು ಹಾಳುಮಾಡುವ ಪದ್ಧತಿಯೂ ಆ ಕಾಲದಲ್ಲೇ ಬೇರುಬಿಟ್ಟಿತು. 1869ರಲ್ಲಿ ಲೆಮೆರ್ ಎಂಬ ಪ್ರಕಾಶಕ ಸಾನೆಟ್ (ಸುನೀತ) ಕವನಗಳ ಜೊತೆ ಎಚಿಂಗ್‌ಗಳನ್ನು ಸೇರಿಸಿ ಒಂದು ಪುಸ್ತಕ ತಂದ, 350 ಪ್ರತಿ. ಮಿಲೆಯ ‘ಓವರ್ನ್ಯದ ನೂಲುವವಳು’ ಅದರಲ್ಲಿತ್ತು. ಅಚ್ಚು ಮುಗಿದ ಮೇಲೆ ತಗಡುಗಳನ್ನು ನಾಶಮಾಡಬೇಕೆಂಬ ಕರಾರು ಮಿಲೆಗೆ ಹಿಡಿಸಲಿಲ್ಲ, ಅದು ಕಾಡುಜನರ ಕೆಲಸ ಎಂಬರ್ಥದಲ್ಲಿ ಗೆಳೆಯನಿಗೆ ಕಾಗದ ಬರೆದ.

ಪ್ರಶ್ನೆ: ಇದಕ್ಕೆ ಈಗ ಎಷ್ಟು ಬೆಲೆ? ಇದೇ ಬಗೆಯ, ಕುಳಿತವರ ಬೇರೆ ಫ್ರೆಂಚ್ ಎಚಿಂಗ್ ಯಾವುವು? (ಶಿವಮೊಗ್ಗದ ಓದುಗರು)

ಉತ್ತರ (ಸಂರಕ್ಷಕರು): ಬೆಲೆ ಹೇಳುವುದು ಈ ಅಂಕಣದ ಕೆಲಸವಲ್ಲ. ಹಾಳೆ ನೋಡದೆ ಬೆಲೆ ಹೇಳುವವರನ್ನು ನಂಬಲೂ ಬೇಡಿ.

ಎರಡನೆಯದಕ್ಕೆ: ಮಿಲೆಯದೇ ‘ಲಾ ಬುಯಿ’ (1861), ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಮಚದ ಗಂಜಿಯನ್ನು ಊದಿ ಆರಿಸುತ್ತಿದ್ದಾಳೆ. ‘ಲಾ ವೇಯೆ’ಯಲ್ಲಿ ಇಬ್ಬರು ಹೆಂಗಸರು ರಾತ್ರಿ ದೀಪದ ಬೆಳಕಿನಲ್ಲಿ ಹೊಲಿಯುತ್ತಿದ್ದಾರೆ. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮಾನೆಯ ‘ಗಿಟಾರ್ ವಾದಕ’ (1861) ತನ್ನದೇ ತೈಲಚಿತ್ರವನ್ನು ತಾನೇ ತಾಮ್ರಕ್ಕಿಳಿಸಿದ್ದು. 1862ರಲ್ಲಿ ಕಾದಾರ್ ಎಂಬ ಪ್ರಕಾಶಕ ಹೊರತಂದ ಎಂಟು ಎಚಿಂಗ್‌ಗಳ ಕಟ್ಟಿನಲ್ಲಿ ಅದೂ ಒಂದು. ಮಾನೆ ತೀರಿಕೊಂಡದ್ದು 1883ರಲ್ಲಿ, ಅವನ ತಗಡುಗಳಿಂದ 1905ರಲ್ಲೂ ನೂರು ಪ್ರತಿ ತೆಗೆದರು, ಕೊಳ್ಳುವವರು ಈ ವ್ಯತ್ಯಾಸ ಕೇಳಿ ತಿಳಿಯಬೇಕು. ಚಿತ್ರಕಾರ ದೆಗಾ ತನ್ನ ಗೆಳೆಯ ಮಾನೆಯನ್ನೇ ಕುರ್ಚಿಯಲ್ಲಿ ಕೂರಿಸಿ 1860ರ ದಶಕದ ನಡುವೆ ಒಂದಕ್ಕಿಂತ ಹೆಚ್ಚು ತಗಡು ಕೊರೆದ.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿನಿ. ನಮ್ಮ ಅಜ್ಜಿ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುವುದನ್ನು ಮಿಲೆಯ ರೀತಿಯಲ್ಲಿ, ಗೆರೆಗಳಿಂದ ಮಾತ್ರ, ಎಚಿಂಗ್ ಮಾಡಬೇಕು. ಒಂದು ಸಲ ಮಾಡಿದೆ: ಅಚ್ಚಿನಲ್ಲಿ ಅಜ್ಜಿ ಎಡಗೈಯವಳಾದಳು, ಹಿನ್ನೆಲೆ ತುಂಬ ಚುಕ್ಕಿ, ನೆರಳೆಲ್ಲ ಬೂದು. ಎಲ್ಲಿ ತಪ್ಪಿದೆ, ಸರ್? (ಮೈಸೂರಿನ ಓದುಗರು)

ಉತ್ತರ (ಅಚ್ಚುಕಲಾವಿದರು): ಮೂರು ತಪ್ಪಿಗೂ ಮೂರು ಬೇರೆ ಕಾರಣ. ಮೊದಲಿನಿಂದ ಹೋಗೋಣ, ಅವು ತಾವಾಗಿಯೇ ಎದುರಾಗುತ್ತವೆ.

ತಗಡು: 1 ರಿಂದ 1.5 ಮಿ.ಮೀ. ದಪ್ಪದ ತಾಮ್ರ, ಮೊದಲಿಗೆ 20 × 15 ಸೆಂ.ಮೀ. ಸಾಕು. ನಾಲ್ಕೂ ಅಂಚನ್ನು ಅರದಿಂದ 45 ಡಿಗ್ರಿ ಓರೆಯಾಗಿ ಉಜ್ಜಿ. ಓರೆ ಮಾಡದ ಅಂಚು ಪ್ರೆಸ್ಸಿನಲ್ಲಿ ಕಾಗದವನ್ನೂ ಅದರ ಮೇಲೆ ಹಾಸುವ ಫೆಲ್ಟನ್ನೂ (ದಪ್ಪ ಉಣ್ಣೆಬಟ್ಟೆ) ಕತ್ತರಿಸುತ್ತದೆ. ಆಮೇಲೆ ಸೀಮೆಸುಣ್ಣದ ಪುಡಿಗೆ ತುಸು ಅಮೋನಿಯ ಬೆರೆಸಿ ತಗಡನ್ನು ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ಒಡೆಯದೆ ಇಡೀ ಮೈಗೆ ಒಂದೇ ಹಾಳೆಯಾಗಿ ಹರಡಿ ನಿಂತರೆ ಜಿಡ್ಡು ಹೋಗಿದೆ. ನಿಮ್ಮ ಚುಕ್ಕಿಗಳ ಮೂಲ ಇಲ್ಲಿರಬಹುದು. ಜಿಡ್ಡಿದ್ದ ಕಡೆ ಮೇಣ ಹಿಡಿಯುವುದಿಲ್ಲ, ಆ ತೂತಿನಲ್ಲಿ ಆಮ್ಲ ಇಳಿಯುತ್ತದೆ. ತೊಳೆದ ಮೇಲೆ ಬೆರಳು ತಾಗಿಸಿದರೂ ಇದೇ ಗತಿ.

ಮೇಣದ ಪೊರೆ: ತೂಕದಲ್ಲಿ 2 ಭಾಗ ಜೇನುಮೇಣ, 2 ಭಾಗ ಅಸ್ಫಾಲ್ಟಮ್ (ಡಾಂಬರಿನ ಜಾತಿಯ ಕಪ್ಪು) ಪುಡಿ, 1 ಭಾಗ ರಾಳ. ಮೇಣ, ರಾಳ ಕರಗಿಸಿ ಅಸ್ಫಾಲ್ಟಮ್ ಸೇರಿಸಿ, ನಿಂಬೆಗಾತ್ರದ ಉಂಡೆ ಕಟ್ಟಿಕೊಳ್ಳಿ. ಕರಗಿಸುವುದು ಬಿಸಿ ತಟ್ಟೆಯ ಮೇಲೆ, ಬಯಲು ಉರಿಯ ಮೇಲೆ ಬೇಡ, ಹೊತ್ತಿಕೊಳ್ಳುತ್ತದೆ. ತಗಡನ್ನು ಉಂಡೆ ಸವರಿದರೆ ಕರಗುವಷ್ಟು ಮಾತ್ರ ಬಿಸಿಮಾಡಿ ಅಲ್ಲಲ್ಲಿ ಸವರಿ, ತೊಗಲಿನ ರೋಲರಿನಿಂದಾಗಲಿ ರೇಷ್ಮೆಯೊಳಗೆ ಹತ್ತಿ ಕಟ್ಟಿದ ಗಂಟಿನಿಂದಾಗಲಿ ತೆಳ್ಳಗೆ ಹರಡಿ. ಬಣ್ಣ ಬೆಲ್ಲದ ಪಾಕದಂತೆ ಹೊಂಬಣ್ಣಕ್ಕೆ ಬರಬೇಕು. ಕಪ್ಪಗೆ ದಪ್ಪಗೆ ಇದ್ದರೆ ಗೀರುವಾಗ ಚಕ್ಕೆ ಏಳುತ್ತದೆ, ಹೊಗೆಯಾಡುವಷ್ಟು ಕಾಸಿದರೆ ಸುಟ್ಟು ತೂತಾಗುತ್ತದೆ. ಇದು ನಿಮ್ಮ ಚುಕ್ಕಿಗಳ ಎರಡನೆಯ ಮೂಲ. ಇನ್ನೂ ಬೆಚ್ಚಗಿರುವಾಗಲೇ ತಗಡನ್ನು ಮಗುಚಿ ಹಿಡಿದು, ನಾಲ್ಕೈದು ಮೇಣದಬತ್ತಿ ಒಟ್ಟು ಕಟ್ಟಿ ಅದರ ಹೊಗೆ ಹಿಡಿಸಿ. ಬತ್ತಿಯನ್ನು ಆಡಿಸುತ್ತಲೇ ಇರಬೇಕು, ಜ್ವಾಲೆಯ ಮೊನೆ ಪೊರೆಗೆ ತಾಗಬಾರದು. ಕಪ್ಪು ಕನ್ನಡಿಯಂತಾದರೆ ಸರಿ.

ಚಿತ್ರ ಇಳಿಸುವುದು: ಅಜ್ಜಿ ಎಡಗೈಯವಳಾದದ್ದು ಇಲ್ಲಿ. ಅಚ್ಚು ಎಂದರೆ ಕನ್ನಡಿ. ತಗಡಿನಲ್ಲಿ ಕಂಡದ್ದು ಕಾಗದದಲ್ಲಿ ಎಡಬಲ ಅದಲುಬದಲು. ಕೈ ಮಾತ್ರವಲ್ಲ, ಸೆರಗು ಬಲಭುಜಕ್ಕೆ ಹೋಗುತ್ತದೆ, ಎಡಹೊಳ್ಳೆಯ ಮೂಗುತಿ ಬಲಕ್ಕೆ ಬರುತ್ತದೆ. ಉಪಾಯ ಸುಲಭ. ತೆಳು ಕಾಗದದಲ್ಲಿ ಮೆದು ಪೆನ್ಸಿಲ್ಲಿನಿಂದ ಸರಿಯಾಗಿ ಬರೆಯಿರಿ, ಕಾಗದವನ್ನು ತುಸು ತೇವ ಮಾಡಿ ಪೊರೆಯ ಮೇಲೆ ಬೋರಲಾಗಿ ಹಾಕಿ, ಹಗುರ ಒತ್ತಡದಲ್ಲಿ ಪ್ರೆಸ್ಸಿನೊಳಗೆ ಒಂದು ಸಲ ಹಾಯಿಸಿ. ಬೆಳ್ಳಿಗೆರೆಯಾಗಿ ಚಿತ್ರ ತಿರುಗುಮುರುಗಾಗಿ ಕೂರುತ್ತದೆ, ಅಚ್ಚಿನಲ್ಲಿ ನೆಟ್ಟಗಾಗುತ್ತದೆ. ಸಹಿಯನ್ನು ನೇರವಾಗಿ ತಗಡಿನ ಮೇಲೇ ಹಾಕುವುದಾದರೆ ಉಲ್ಟಾ ಬರೆಯಲು ಮರೆಯಬೇಡಿ.

ಗೀರುವುದು: ಸೂಜಿಯ ಮೊನೆ ತುಸು ಮೊಂಡಾಗಿರಲಿ, ಎಣ್ಣೆಕಲ್ಲಿನ ಮೇಲೆ ಗುಂಡಗೆ ತೀಡಿ. ಕೆಲಸ ಪೊರೆ ಬಿಡಿಸುವುದಷ್ಟೇ, ತಾಮ್ರ ಅಗೆಯುವುದಲ್ಲ. ಗೆರೆ ಕಪ್ಪಾಗುವುದು ಕೈ ಒತ್ತಿದ್ದರಿಂದಲ್ಲ, ಆಮ್ಲದಲ್ಲಿಟ್ಟ ಹೊತ್ತಿನಿಂದ. ಮಿಲೆಯ ಹಾಳೆಯನ್ನು ಇಲ್ಲಿ ಎದುರಿಗಿಟ್ಟುಕೊಳ್ಳಿ. ಅವನು ಅಡ್ಡ-ಉದ್ದ ಗೆರೆಗಳ ಜಾಲರಿಯನ್ನು ಕಡಿಮೆ ನೆಯ್ಯುತ್ತಾನೆ, ಹೆಚ್ಚಾಗಿ ಒಂದೇ ದಿಕ್ಕಿನ ಸಾಲುಗೆರೆ. ಬಟ್ಟೆ ಬೀಳುವ ದಿಕ್ಕೇ ಗೆರೆಯ ದಿಕ್ಕು. ಕುಳಿತ ಮೈಯ ಭಾರ ಕಾಣಬೇಕಾದ ಜಾಗ ಮೂರು: ಮಡಿಲು, ಪೃಷ್ಠ ಆಸನಕ್ಕೆ ತಾಗುವ ಗೆರೆ, ಪಾದ ನೆಲ ಮುಟ್ಟುವ ಗೆರೆ. ನಿಮ್ಮಜ್ಜಿಗೆ ಕುರ್ಚಿಯಿಲ್ಲ, ಹಾಗಾಗಿ ಸೀರೆ ನೆಲಕ್ಕೆ ಹರಡುವ ಅಂಚು ಎಲ್ಲಕ್ಕಿಂತ ಕಪ್ಪಾಗಬೇಕು. ಮೊರದ ಅಕ್ಕಿಯನ್ನು ಮುಟ್ಟಲೇಬೇಡಿ, ಬಿಳಿ ಕಾಗದವೇ ಅಕ್ಕಿಯಾಗಲಿ. ಒತ್ತಾದ ಗೆರೆಗಳ ನಡುವೆ ಒಂದು ಗೆರೆಯಷ್ಟಾದರೂ ಜಾಗ ಬಿಡಿ. ಬಿಡದಿದ್ದರೆ ಆಮ್ಲ ಅಡ್ಡಗೋಡೆ ತಿಂದು ಗೆರೆಗಳೆಲ್ಲ ಒಂದೇ ಅಗಲ ಹಳ್ಳವಾಗುತ್ತವೆ, ಹಳ್ಳದ ನಡುವೆ ಶಾಯಿ ನಿಲ್ಲುವುದಿಲ್ಲ. ನೆರಳು ಬೂದಾಗಲು ಇದು ಒಂದು ಕಾರಣ.

ಆಮ್ಲ: ಎಚಿಂಗ್‌ಗೆ ಫ್ರೆಂಚರ ಹೆಸರು ‘ಓ-ಫೋರ್ತ್’, ಕಡುನೀರು. ಅದು ನೈಟ್ರಿಕ್ ಆಮ್ಲದ ಹಳೆಯ ಹೆಸರು. ಅದರಲ್ಲಿ ಗೆರೆಯುದ್ದಕ್ಕೂ ಗುಳ್ಳೆ ಏಳುತ್ತದೆ, ಹಕ್ಕಿಯ ಗರಿಯಿಂದ ಸವರಿ ಓಡಿಸುತ್ತಿರಬೇಕು, ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಮನೆಯಲ್ಲಿ ಖಂಡಿತ ಬೇಡ. ಫೆರಿಕ್ ಕ್ಲೋರೈಡ್ ಬಳಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸರ್ಕ್ಯೂಟ್ ಬೋರ್ಡಿಗೆಂದು ಮಾರುವುದು ಅದೇ. ಹಳದಿ ಹೆಂಟೆಯಾಗಿ ಸಿಗುವುದಾದರೆ 1 ಕಿಲೋಗೆ 1 ಲೀಟರ್ ನೀರು. ನೀರಿಗೆ ಹೆಂಟೆಯನ್ನು ಸ್ವಲ್ಪಸ್ವಲ್ಪವೇ ಹಾಕಿ, ಬಿಸಿಯೇಳುತ್ತದೆ. ಪ್ಲಾಸ್ಟಿಕ್ ತಟ್ಟೆ, ಕೈಗವಸು, ಕನ್ನಡಕ ಬೇಕು. ಅಲ್ಯೂಮಿನಿಯಂ ಪಾತ್ರೆ ಹತ್ತಿರ ಸುಳಿಯಬಾರದು.

ತಗಡಿನ ಬೆನ್ನಿಗೆ ಪ್ಯಾಕಿಂಗ್ ಟೇಪ್ ಹಚ್ಚಿ, ಮುಖ ಕೆಳಗಾಗಿ, ನಾಲ್ಕು ಮೂಲೆಗೆ ಪ್ಲಾಸ್ಟಿಕ್ ತುಂಡುಗಳ ಆಸರೆ ಕೊಟ್ಟು ಮುಳುಗಿಸಿ. ಮುಖ ಮೇಲಾಗಿಟ್ಟರೆ ಗಸಿ ಗೆರೆಯಲ್ಲೇ ಕೂತು ಕೊರೆತ ನಿಂತುಹೋಗುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿಯಿರುವಂತೆ ಕಾಣುತ್ತದೆ, ಗೆರೆ ಮಾತ್ರ ಆಳವಾಗಿರುವುದಿಲ್ಲ. ನೆರಳು ಬೂದಾಗಲು ಇದು ಇನ್ನೊಂದು ಕಾರಣ, ನಿಮ್ಮದು ಬಹುಶಃ ಇದೇ. ಮೊದಲು ಒಂದು ತುಂಡು ತಗಡಿನಲ್ಲಿ ಐದು ಗುಂಪು ಗೆರೆ ಎಳೆದು 5, 10, 20, 40, 80 ನಿಮಿಷ ಕೊರೆಸಿ ಅಚ್ಚು ತೆಗೆದಿಟ್ಟುಕೊಳ್ಳಿ. ಅದೇ ನಿಮ್ಮ ಪಂಚಾಂಗ. ಏಪ್ರಿಲ್ ಸೆಕೆಗೂ ಡಿಸೆಂಬರ್ ಚಳಿಗೂ ವೇಗ ಬೇರೆ, ಆಗಾಗ ಹೊಸ ಪಂಚಾಂಗ ಬೇಕು.

ಚಿತ್ರಕ್ಕೆ ಮೂರು ಕೊರೆತ ಸಾಕು. ಎಲ್ಲವನ್ನೂ 10 ನಿಮಿಷ. ತೆಗೆದು ತೊಳೆದು ಒಣಗಿಸಿ, ಅಜ್ಜಿಯ ಮುಖ, ಬೆಳಕಿನ ಕಡೆಯ ತೋಳು, ದೂರದ ಗೋಡೆ ಇವುಗಳ ಮೇಲೆ ವಾರ್ನಿಷ್ ಹಚ್ಚಿ ಮುಚ್ಚಿ. ಮತ್ತೆ 15 ನಿಮಿಷ. ಈಗ ಸೀರೆಯ ನಡುಬಣ್ಣ ಮುಚ್ಚಿ. ಉಳಿದ ಕಡುನೆರಳಿಗೆ ಇನ್ನು 40 ನಿಮಿಷ. ವಾರ್ನಿಷ್ ಪೂರ್ತಿ ಒಣಗುವ ಮೊದಲೇ ಮುಳುಗಿಸಿದರೆ ಅಂಚಿನಲ್ಲಿ ಸೋರಿ ಮುಖದ ಮೇಲೆ ಕಲೆಯಾಗುತ್ತದೆ. ಬಳಸಿ ಮುಗಿದ ದ್ರಾವಣದಲ್ಲಿ ತಾಮ್ರವಿದೆ, ಚರಂಡಿಗೆ ಸುರಿಯಬೇಡಿ. ವಾಷಿಂಗ್ ಸೋಡಾ ತುಸುತುಸುವೇ ಹಾಕಿದರೆ ನೊರೆಯೆದ್ದು ಗಸಿ ತಳಕ್ಕಿಳಿಯುತ್ತದೆ, ಆ ಗಸಿಯನ್ನು ಸೋಸಿ ನಿಮ್ಮ ಕಾಲೇಜಿನ ರಾಸಾಯನಿಕ ಕಸಕ್ಕೆ ಕೊಡಿ.

ಅಚ್ಚು: ಸೀಮೆಎಣ್ಣೆಯಿಂದ ಪೊರೆ ಒರೆಸಿ, ತಗಡನ್ನು ಕೈಗೆ ಬೆಚ್ಚಗಾಗುವಷ್ಟು ಕಾಸಿ, ರಟ್ಟಿನ ತುಂಡಿನಿಂದ ಎಚಿಂಗ್ ಶಾಯಿಯನ್ನು ಎಲ್ಲ ದಿಕ್ಕಿನಿಂದ ಗೆರೆಗಳಿಗೆ ತುರುಕಿ. ಶಾಯಿ ಗಟ್ಟಿಯಾದರೆ ಕಾಸಿದ ಅಗಸೆ ಎಣ್ಣೆ ಒಂದೆರಡು ಹನಿ. ಒರೆಸಲು ಗಂಜಿ ಹಾಕಿ ಬಿಗಿದ ಜಾಳು ಬಟ್ಟೆ, ಮೂರು ತುಂಡು: ಮೊದಲು ಕೊಳೆಯಾದದ್ದು, ಆಮೇಲೆ ಅರೆಕೊಳೆಯದು, ಕೊನೆಗೆ ಶುಭ್ರವಾದದ್ದು. ಬಟ್ಟೆಯನ್ನು ಚಪ್ಪಟೆಯಾಗಿ ಹಿಡಿದು ಸುತ್ತುಸುತ್ತಾಗಿ ತೇಲಿಸಿ, ಮೆದು ಬಟ್ಟೆಯಿಂದ ಅದುಮಿ ಒರೆಸಿದರೆ ಅದು ಗೆರೆಯೊಳಗಿನ ಶಾಯಿಯನ್ನೂ ಹೀರುತ್ತದೆ. ಕೊನೆಗೆ ಅಂಗೈಗೆ ಚಿಟಿಕೆ ಸೀಮೆಸುಣ್ಣ ಸವರಿ ಮೇಲ್ಮೈ ಒರೆಸಿ, ಅಂಚುಗಳನ್ನು ಚಿಂದಿಯಿಂದ ಸ್ವಚ್ಛ ಮಾಡಿ.

ಕಾಗದ 250 ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಹತ್ತಿ ಕಾಗದ, ಅರ್ಧ ಗಂಟೆ ನೀರಲ್ಲಿ ನೆನೆಸಿ, ಬ್ಲಾಟಿಂಗ್ ಹಾಳೆಗಳ ನಡುವೆ ಒತ್ತಿ. ಮೇಲ್ಮೈಯಲ್ಲಿ ನೀರಿನ ಹೊಳಪಿರಬಾರದು, ಕೆನ್ನೆಗೆ ತಂಪು ಹತ್ತಬೇಕು. ತೀರ ಒಣಗಿದ್ದರೆ ಗೆರೆಯ ನಡುವೆ ಬಿಳಿ ಚುಕ್ಕಿ ಉಳಿಯುತ್ತವೆ, ತೀರ ಒದ್ದೆಯಾದರೆ ಶಾಯಿ ಕಾಗದಕ್ಕೆ ಹತ್ತದೆ ಜಾರುತ್ತದೆ. ಪ್ರೆಸ್ಸು ಉರುಳೆಗಳದ್ದೇ ಆಗಬೇಕು. ಪುಸ್ತಕ ಕಟ್ಟುವ ತಿರುಗುಮೊಳೆ ಪ್ರೆಸ್ಸು ಒತ್ತಡವನ್ನು ಇಡೀ ಹಾಳೆಗೆ ಹಂಚಿಬಿಡುತ್ತದೆ, ಗೆರೆಯ ತಳಕ್ಕೆ ಕಾಗದ ಇಳಿಯುವುದಿಲ್ಲ. (ಕಬ್ಬಿನ ಹಾಲಿನ ಯಂತ್ರ ಆದೀತೇ ಎಂದು ಕೇಳುವವರುಂಟು. ಆಗದು, ಅದರ ಉರುಳೆಯ ಮೈಯೆಲ್ಲ ಹಲ್ಲು.) ಮೂರು ಫೆಲ್ಟ್ ಹಾಕಿ ನಿಧಾನವಾಗಿ, ನಡುವೆ ನಿಲ್ಲಿಸದೆ ಹಾಯಿಸಿ. ನಿಲ್ಲಿಸಿದಲ್ಲಿ ಅಡ್ಡಪಟ್ಟೆ ಬೀಳುತ್ತದೆ. ಕಾಗದವನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿ ಬೆನ್ನು ನೋಡಿ: ಗೆರೆಗಳು ಉಬ್ಬುಕೆತ್ತನೆಯಂತೆ ಕಂಡರೆ ಒತ್ತಡ ಸರಿಯಿದೆ.

ಇಷ್ಟು ಮಾಡಿದ ಮೇಲೂ ಮೊದಲ ಒಂದೆರಡು ಅಚ್ಚು ಮಂಕಾಗಿಯೇ ಬರುತ್ತವೆ. ತಗಡು ಶಾಯಿ ಕುಡಿಯಲು ಅಷ್ಟು ಬೇಕು, ಗಾಬರಿಯಾಗಿ ಮತ್ತೆ ಆಮ್ಲಕ್ಕೆ ಹಾಕಬೇಡಿ.

ಪ್ರಶ್ನೆ: ಇಂಥದೇ ಹಳೆಯ ಫ್ರೆಂಚ್ ಎಚಿಂಗ್ ನಮ್ಮಲ್ಲಿದೆ. ಮಳೆಗಾಲಕ್ಕೆ ಕಂದು ಚುಕ್ಕಿ ಎದ್ದಿವೆ. ಲ್ಯಾಮಿನೇಟ್ ಮಾಡಿಸಲೇ? (ಕುಂದಾಪುರದ ಓದುಗರು)

ಉತ್ತರ (ಸಂರಕ್ಷಕರು): ಬೇಡವೇ ಬೇಡ. ಲ್ಯಾಮಿನೇಶನ್ನಿನ ಅಂಟು ಬಿಸಿಗೆ ಕರಗಿ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ, ಎದ್ದ ಶಾಯಿಯೂ ಒತ್ತಿ ಚಪ್ಪಟೆಯಾಗುತ್ತದೆ. ಚುಕ್ಕಿಗಳನ್ನು ಮನೆಯಲ್ಲಿ ಬ್ಲೀಚ್ ಹಾಕಿ ತೆಗೆಯಲೂ ಹೋಗಬೇಡಿ. ಚುಕ್ಕಿಯೊಂದಿಗೆ ನಾರೂ ಸಾಯುತ್ತದೆ, ಬಿಳಿ ಮಚ್ಚೆ ಉಳಿಯುತ್ತದೆ. ಆ ಚುಕ್ಕಿಗಳಿಗೆ ತೇವ, ಬೂಷ್ಟು, ಕಾಗದದೊಳಗಿನ ಕಬ್ಬಿಣದ ಕಣ ಮೂರೂ ಕಾರಣವಾಗಬಲ್ಲವು. ತೇವ ತಗ್ಗಿಸಿದರೆ ಹೊಸವು ಏಳುವುದು ನಿಲ್ಲುತ್ತದೆ, ಇರುವವು ಇರುತ್ತವೆ.

ಮಾಡಬೇಕಾದದ್ದು ಇಷ್ಟು. ಈಗಿನ ಚೌಕಟ್ಟು ಬಿಚ್ಚಿ ಹಿಂದಿನ ಪ್ಲೈವುಡ್ಡನ್ನೋ ಸ್ಟ್ರಾಬೋರ್ಡನ್ನೋ ಎಸೆಯಿರಿ. ಚಿತ್ರದ ಸುತ್ತ ಕಂದು ಗೆರೆ ಬಿದ್ದಿದ್ದರೆ ಅದು ಆ ರಟ್ಟಿನ ಆಮ್ಲದ ಗುರುತು. ಬದಲಿಗೆ ಆಮ್ಲರಹಿತ ಹತ್ತಿಯ ರಟ್ಟು, ಹಿಂದೊಂದು, ಮುಂದೆ ಕಿಟಕಿ ಕತ್ತರಿಸಿದ್ದೊಂದು. ಕಿಟಕಿಯನ್ನು ತಗಡಿನ ಗುರುತಿಗಿಂತ ಅರ್ಧ ಸೆಂ.ಮೀ. ಹೊರಗೆ ಕತ್ತರಿಸಿ, ಗುರುತು ಕಾಣಲಿ. ಕಿಟಕಿಗೆ ಹೊಂದಲೆಂದು ಹಾಳೆಯ ಅಂಚು ಮಾತ್ರ ಕತ್ತರಿಸಬೇಡಿ, ಅಂಗಡಿಯವರು ಕೇಳದೆಯೇ ಕತ್ತರಿಸಿಬಿಡುತ್ತಾರೆ, ಮೊದಲೇ ಹೇಳಿ. ಹಾಳೆಯನ್ನು ಹಿಂದಿನ ರಟ್ಟಿಗೆ ಮೇಲ್ಗಡೆ ಎರಡು ಕಡೆ ಮಾತ್ರ ಹಿಡಿಸಿ, ಜಪಾನಿ ಕಾಗದದ ಎರಡು ಬೆರಳಗಲದ ತುಂಡು, ಗೋಧಿ ಪಿಷ್ಟದ ಅಂಟು. ಸೆಲ್ಲೊಟೇಪ್, ಫೆವಿಕಾಲ್ ಎರಡೂ ಬೇಡ. ಕೆಳಗಡೆ ಅಂಟಿಸಬೇಡಿ, ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಕಾಗದ ಅಲೆಅಲೆಯಾಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ಕಿಟಕಿ ರಟ್ಟಿನ ದಪ್ಪವೇ ಅಂತರ ಕೊಡುತ್ತದೆ.

ತೂಗುಹಾಕಲು ಹೊರಗೋಡೆ ಬೇಡ, ಕರಾವಳಿಯ ಮನೆಯಲ್ಲಿ ಅದು ಆಗಸ್ಟ್‌ವರೆಗೂ ಬೆವರುತ್ತದೆ. ಒಳಗೋಡೆಯಲ್ಲಿ, ಚೌಕಟ್ಟಿನ ಕೆಳ ಮೂಲೆಗಳಿಗೆ ಕಾರ್ಕಿನ ಬಿಲ್ಲೆ ಅಂಟಿಸಿ, ಹಿಂದೆ ಗಾಳಿಯಾಡುವ ಹಾಗೆ. ಕೋಣೆಯ ತೇವ ನೂರಕ್ಕೆ 45 ರಿಂದ 55ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಕುಂದಾಪುರದ ಜುಲೈಯಲ್ಲಿ ಅದು ಎ.ಸಿ. ಇಲ್ಲದೆ ಕನಸು. ಹಾಗಾಗಿ ಜೂನ್ ಮೊದಲ ವಾರ ಚಿತ್ರವನ್ನು ಇಳಿಸಿ, ಆಮ್ಲರಹಿತ ಪೆಟ್ಟಿಗೆಯಲ್ಲಿ ಒಣಗಿಸಿದ ಸಿಲಿಕಾ ಜೆಲ್ ಜೊತೆ ಮಲಗಿಸಿ, ಬೀರುವಿನ ನಡುಖಾನೆಯಲ್ಲಿಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದಾಗ ಕಾಸಿ ಮತ್ತೆ ಇಡಬೇಕು. ನಾಫ್ತಲೀನ್ ಗುಳಿಗೆ ಪೆಟ್ಟಿಗೆಯೊಳಗೆ ಹಾಕಬೇಡಿ, ಬೆಳ್ಳಿಮೀನಿನ ಹುಳಕ್ಕೆ ಮದ್ದು ಪೆಟ್ಟಿಗೆಯ ಸುತ್ತ ಧೂಳಿಲ್ಲದಂತೆ ಗುಡಿಸುವುದೇ. ನವರಾತ್ರಿಗೆ ಬೊಂಬೆ ಕೂರಿಸುವ ಹೊತ್ತಿಗೆ ಚಿತ್ರವನ್ನೂ ಗೋಡೆಗೆ ಏರಿಸಬಹುದು.